ಹಳೆ ಲಿವರ್ ರೈಫಲ್ಲಿಗೆ ಕರಾವಳಿಯ ಮಳೆಗಾಲ: ಬ್ಲೂಯಿಂಗ್ ಮಾಡಿಸುವುದಾ, ಹಾಗೇ ಬಿಡುವುದಾ?

ತೋಟದಕರೆ
ಮಾರ್ಲಿನ್ 39-ಎ, .22 ರಿಮ್‌ಫೈರ್, 24 ಇಂಚು ನಳಿಗೆ. ವಾರಸುದಾರಿಕೆಯಲ್ಲಿ ಬಂದದ್ದು. ಲೈಸೆನ್ಸಿಗೆ ಏರಿಸಿ ಆಗಿದೆ, ಯುಐಎನ್ (ಲೈಸೆನ್ಸಿನ ಗುರುತಿನ ಸಂಖ್ಯೆ) ಉಂಟು, ಹಾಗಾಗಿ ಆ ಚರ್ಚೆ ಬೇಡ. ಜಾಗ ಉಡುಪಿ, ಕಡಲಿಗೆ ಎರಡು ಕಿಲೋಮೀಟರ್ ಇಲ್ಲ.

ಈಗಿನ ಸ್ಥಿತಿ: ರಿಸೀವರಿನ (ಯಂತ್ರಭಾಗ ಎಲ್ಲ ಕೂರುವ ಉಕ್ಕಿನ ನಡುಭಾಗ) ಬಲಬದಿ ಕೈ ಹಿಡಿಯುವಲ್ಲಿ ಕಂದು ಹುಡಿ. ತೋಟೆ ತುಂಬುವ ಮ್ಯಾಗಜೀನ್ ಟ್ಯೂಬಿನ ಒಳಗಿನ ಹಿತ್ತಾಳೆ ಕೊಳವೆಗೆ ಹಸಿರು ಕಿಲುಬು. ರೇಂಜಿನಲ್ಲಿ ಐದಾರು ತೋಟೆಗೆ ಒಂದು ಹಾರುವುದಿಲ್ಲ (ಸಿಡಿಯುವುದಿಲ್ಲ), ಅಂಚಲ್ಲಿ ಪೆಟ್ಟಿನ ಗುರುತು ಮಾತ್ರ ಕಾಣ್ತದೆ. ಕೆಲವೊಮ್ಮೆ ಮೂರನೇ ತೋಟೆ ಮೇಲೆ ಬರದೆ ಟ್ರಿಗರಿನ ಕೆಳಗಿನ ಲಿವರ್ ಖಾಲಿ ಓಡ್ತದೆ.

ಮೂರು ಪ್ರಶ್ನೆ. ಮಳೆ ಹಿಡಿಯುವ ಮುಂಚೆ ಬ್ಲೂಯಿಂಗ್, ಅಂದರೆ ಉಕ್ಕಿನ ಆ ಕಪ್ಪು-ನೀಲಿ ಬಣ್ಣ, ಹೊಸತಾಗಿ ಮಾಡಿಸಬಹುದಾ? ಎಣ್ಣೆ ಯಾವುದು (ತೆಂಗಿನೆಣ್ಣೆ ಸಾಕು ಅಂತ ಹೇಳುವವರೇ ಜಾಸ್ತಿ)? ತೋಟೆ ಹಾರದಿರುವುದು ಸ್ಪ್ರಿಂಗಿನ ದೋಷವಾ?

ನಳಿಗೆನೋಟ
ಬ್ಲೂಯಿಂಗ್ ಬೇಡ. ಉಳಿದದ್ದು ಆಮೇಲೆ. ಮೊದಲು ಸೀರಿಯಲ್ ನಂಬರಿನ ಎದುರು ಇರುವ ಅಕ್ಷರ ಯಾವುದು ಹೇಳಿ. ಪೂರ್ತಿ ನಂಬರ್ ಇಲ್ಲಿ ಹಾಕಬೇಡಿ, ಅಕ್ಷರ ಸಾಕು.

ಬೆಡಿಭಟ್ರು
ತೆಂಗಿನೆಣ್ಣೆ ನೀರುದೋಸೆ ಕಾವಲಿಗೆ ಮಾರಾಯ್ರೆ, ಬೆಡಿಗೆ ಅಲ್ಲ.

ತೋಟದಕರೆ
ಅಕ್ಷರ ಜಿ.

ನಳಿಗೆನೋಟ
ಹಾಗಾದರೆ 1950. ಯುದ್ಧ ಮುಗಿದ ಮೇಲೆ 1946ರಲ್ಲಿ ಸಿ ಅಕ್ಷರದಿಂದ ಶುರು ಮಾಡಿ ವರ್ಷಕ್ಕೊಂದು ಅಕ್ಷರ ಕೊಟ್ಟಿದ್ದಾರೆ: ಡಿ 47, ಇ 48, ಎಫ್ 49, ಜಿ 50, ಎಚ್ 51. ಐ ಅಕ್ಷರ ಬಿಟ್ಟು ಜೆ 52. ಎಪ್ಪತ್ತರ ದಶಕದಿಂದ ಈಚಿನ ಕೋವಿಗೆ ಲೆಕ್ಕ ಬೇರೆ, ಮೊದಲ ಎರಡು ಅಂಕೆಯನ್ನು ನೂರರಿಂದ ಕಳೆಯಬೇಕು. 25 ಅಂತ ಇದ್ದರೆ 1975.

1950ರದ್ದು ಅಂದರೆ ನಿಮ್ಮದು ಮೈಕ್ರೋ-ಗ್ರೂವ್ ಬರುವ ಮುಂಚಿನದ್ದು. ನಳಿಗೆಯಲ್ಲಿ ಗುಂಡು ತಿರುಗಿಸುವ ಆಳದ ಹಳೆ ಶೈಲಿಯ ಗೀರು ಇರ್ತದೆ, 1953ರ ನಂತರದ ಹದಿನಾರು ತೆಳು ಗೀರು (ಅದೇ ಮೈಕ್ರೋ-ಗ್ರೂವ್) ಅಲ್ಲ. ರಿಸೀವರ್ ಮೊದಲಿಂದಲೇ ಬ್ಲೂ ಮಾಡಿದ್ದು. 1939ರಲ್ಲಿ 39-ಎ ಶುರುವಾದಾಗ ಬಂದವಕ್ಕೆ ಮಾತ್ರ ಕೇಸ್ ಹಾರ್ಡನಿಂಗ್ (ಉಕ್ಕಿನ ಮೇಲ್ಪದರ ಮಾತ್ರ ಗಟ್ಟಿ ಮಾಡುವುದು) ಮಾಡಿದ ಬಣ್ಣಬಣ್ಣದ ರಿಸೀವರ್. ಅಂಥದ್ದು ಯಾರ ಹತ್ತಿರವಾದರೂ ಇದ್ದರೆ ಮರಳು ಕಾಗದ ಹತ್ತು ಅಡಿ ದೂರ ಇಡಿ.

ಪಡುಗಾಳಿ
ಬ್ಲೂಯಿಂಗ್ ಬೇಡ ಅಂತ ಒಂದೇ ಮಾತಲ್ಲಿ ಹೇಳಿದರೆ ಹೇಗೆ? ತುಕ್ಕು ಹಿಡಿದ ಮೇಲೆ ಮೂಲ ಬಣ್ಣ ಇಟ್ಟುಕೊಂಡು ಎಂತ ಮಾಡುವುದು? ಹೊಳಪು ಮಾಡಿ ಹೊಸ ಬ್ಲೂ ಹಾಕಿದರೆ ಹತ್ತು ವರ್ಷ ತಲೆಬಿಸಿ ಇಲ್ಲ.

ನಳಿಗೆನೋಟ
ಪಡುಗಾಳಿಯವರೇ, ಬ್ಲೂಯಿಂಗ್ ಅಂದರೆ ಪೇಂಟ್ ಅಲ್ಲ. ಅದೂ ಒಂದು ಜಾತಿಯ ತುಕ್ಕೇ, ಕಪ್ಪು ಆಕ್ಸೈಡ್. ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ತುಕ್ಕು ತಡೆಯುವುದು ಆ ರಂಧ್ರದಲ್ಲಿ ನಿಲ್ಲುವ ಎಣ್ಣೆ, ಬಣ್ಣ ಅಲ್ಲ. ಎಣ್ಣೆ ಒಣಗಿದರೆ ನಿನ್ನೆ ಮಾಡಿದ ಬ್ಲೂಯಿಂಗ್ ಕೂಡ ನಮ್ಮ ಜುಲೈಯಲ್ಲಿ ಎರಡು ವಾರಕ್ಕೆ ಕಂದು ಆಗ್ತದೆ. ಹತ್ತು ವರ್ಷದ ಲೆಕ್ಕ ಎಲ್ಲಿಂದ ಬಂತು?

ಇನ್ನೊಂದು, ಬ್ಲೂ ಹಾಕುವ ಮುಂಚೆ ಬಫಿಂಗ್ ಮಾಡ್ತಾರೆ. ಬಫಿಂಗ್ ಚಕ್ರಕ್ಕೆ ಅಕ್ಷರ ಯಾವುದು, ತುಕ್ಕು ಯಾವುದು ಗೊತ್ತಿಲ್ಲ. ನಳಿಗೆ ಮೇಲಿನ ಬರಹ ತೆಳು ಆಗ್ತದೆ, ರಿಸೀವರಿನ ಮೂಲೆ ಸಾಬೂನು ಸವೆದ ಹಾಗೆ ಉರುಟು ಆಗ್ತದೆ, ಸ್ಕ್ರೂ ತೂತಿನ ಸುತ್ತ ತಟ್ಟೆ ಹಾಗೆ ಗುಳಿ ಬೀಳ್ತದೆ. ಕಂಪನಿಯ ಬ್ಲೂ ಇದೆಯಾ, ಮತ್ತೆ ಮಾಡಿಸಿದ್ದಾ ಅಂತ ಗೊತ್ತಾಗುವುದೇ ಆ ಗುಳಿಯಿಂದ.

ಕಚೇರಿಗುಮಾಸ್ತ
ಇದಕ್ಕೆ ಕಾನೂನಿನ ಬದಿಯೂ ಉಂಟು. ಶಸ್ತ್ರಾಸ್ತ್ರ ಕಾಯ್ದೆ 1959ರ 8ನೇ ಸೆಕ್ಷನ್ ಪ್ರಕಾರ ಕೋವಿಯ ಗುರುತಿನ ನಂಬರ್ ಅಳಿಸುವುದು, ಬದಲಿಸುವುದು ಅಪರಾಧ. ಬಫಿಂಗಿನಲ್ಲಿ ನಂಬರ್ ಅರ್ಧ ಮಾಸಿತು ಅಂದರೆ ನವೀಕರಣಕ್ಕೆ ತೋರಿಸುವ ದಿನ ಉತ್ತರ ಕೊಡಬೇಕಾದವರು ನೀವು. ಮತ್ತೆ 5ನೇ ಸೆಕ್ಷನ್ ಪ್ರಕಾರ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಬೈಕ್ ಸೈಲೆನ್ಸರಿಗೆ ಪ್ಲೇಟಿಂಗ್ ಮಾಡುವ ಅಂಗಡಿಗೆ ಕೋವಿ ಕೊಡ್ಲಿಕ್ಕೆ ಇಲ್ಲ. ಒರೆಸುವುದು, ಎಣ್ಣೆ ಹಾಕುವುದು ಮಾತ್ರ ನಿಮ್ಮ ಕೆಲಸ.

ಪಡುಗಾಳಿ
ಸರಿ, ಒಪ್ಪಿದೆ. ಆದರೆ ಇರುವ ಕಂದು ಹುಡಿಗೆ ಎಂತ ಮಾಡುವುದು? ಬಿಟ್ಟರೆ ತಿಂತದೆ.

ನಳಿಗೆನೋಟ
ಬಿಡ್ಲಿಕ್ಕೆ ಯಾರು ಹೇಳಿದ್ರು? ತೆಳು ಎಣ್ಣೆ ಹಚ್ಚಿ ಒಂದು ದಿನ ಬಿಡಿ. ಮರುದಿನ ಒರಟು ಬಟ್ಟೆಯಲ್ಲಿ ತಿಕ್ಕಿ. ಹೋಗದಿದ್ದರೆ 0000 ನಂಬರಿನ ಸ್ಟೀಲ್ ವೂಲ್, ನಾಲ್ಕು ಸೊನ್ನೆ, ಅದಕ್ಕೂ ಎಣ್ಣೆ ಹಾಕಿಯೇ, ಬೆರಳ ತುದಿಯಷ್ಟು ಒತ್ತಡ. ಎಣ್ಣೆ ಕಂದು ಆಗ್ತದೆ, ಒರೆಸಿ, ಹೊಸ ಎಣ್ಣೆ, ಮತ್ತೆ. ಬಟ್ಟೆಗೆ ಬಣ್ಣ ಹತ್ತುವುದು ನಿಂತಾಗ ನಿಲ್ಲಿಸಿ. ಕೆಳಗೆ ಕಪ್ಪು ಚುಕ್ಕೆ ಉಳಿದರೆ ಉಳಿಯಲಿ. ಅದು ಸತ್ತ ತುಕ್ಕು, ಬೆಳೆಯುವುದಿಲ್ಲ. ಅಡುಗೆಮನೆಯ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಮಾತ್ರ ಹಾಕಬೇಡಿ, ಒಂದೇ ಎಳೆತಕ್ಕೆ ಬ್ಲೂ ಗೀರಿ ಬಿಳಿ ಆಗ್ತದೆ.

ಅಡಿಕೆಹಾಳೆ
ಕಿಲುಬಿಗೆ ಹುಣಸೆಹುಳಿ ಸಾಕು. ದೇವರ ದೀಪ ಹೊಳೆಯುವುದಿಲ್ವಾ?

ಬೆಡಿಭಟ್ರು
ದೀಪದ ಒಳಗೆ ಸ್ಪ್ರಿಂಗ್ ಇಲ್ಲ ಅಡಿಕೆಹಾಳೆಯವ್ರೇ. ಒಳಕೊಳವೆ ಹಿತ್ತಾಳೆ, ಅದರೊಳಗಿನ ಸ್ಪ್ರಿಂಗ್ ಉಕ್ಕು. ಹುಳಿ ಒಳಗೆ ಹೋಯಿತು ಅಂದರೆ ತೊಳೆದು ತೆಗೆಯುವುದು ಕಷ್ಟ, ವಾರದಲ್ಲಿ ಸ್ಪ್ರಿಂಗ್ ಕೆಂಪು. ಹೊರಗಿನ ಕಿಲುಬನ್ನು ಎಣ್ಣೆ ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ, ಹೊಳೆಯುವುದು ಬೇಡ, ಜಾರಿದರೆ ಸಾಕು. ಹಾಗೇ ಎಣ್ಣೆ ಬಿಡಬೇಡಿ, ಒಣ ಬಟ್ಟೆಯಲ್ಲಿ ಒರೆಸಿ. ಟ್ಯೂಬಿನ ಎಣ್ಣೆ ತೋಟೆಗೆ ಹತ್ತುತ್ತದೆ, ತೋಟೆಯ ಎಣ್ಣೆಗೆ ಧೂಳು ಅಂಟುತ್ತದೆ.

ಮೂರನೇ ತೋಟೆ ಬಾರದ್ದು ಬಹುಶಃ ಇದೇ ಕಿಲುಬಿಂದ. ಸ್ಪ್ರಿಂಗಿನ ತುದಿಯಲ್ಲಿ ತೋಟೆ ದೂಡುವ ಸಣ್ಣ ಫಾಲೋವರ್ ಉಂಟಲ್ಲ, ಅದು ಅರ್ಧದಲ್ಲಿ ಹಿಡಿದು ನಿಲ್ತದೆ. ಪರೀಕ್ಷೆ ಸುಲಭ: ಮೊದಲು ಕೋವಿ ಖಾಲಿ ಮಾಡಿ, ಒಳಕೊಳವೆ ಪೂರ್ತಿ ಹೊರಗೆ ತೆಗೆದು ಫಾಲೋವರನ್ನು ಕಡ್ಡಿಯಲ್ಲಿ ಒಳಗೆ ಒತ್ತಿ ಬಿಡಿ. ಟಕ್ಕಂತ ವಾಪಸ್ ಬರಬೇಕು. ತಡವರಿಸಿದರೆ ಅಲ್ಲೇ ದೋಷ. ಅದು ಸರಿ ಇದ್ದರೆ ಹೊರಗಿನ ಟ್ಯೂಬಿನ ಮೇಲೆ ಉಗುರು ಎಳೆದು ನೋಡಿ, ಗೋಡೆಗೆ ಒರಗಿಸಿದಾಗ ಬಿದ್ದ ಸಣ್ಣ ತಗ್ಗು ಸಾಕು, ತೋಟೆ ಅಲ್ಲಿ ಸಿಕ್ಕಿಕೊಳ್ತದೆ.

ಹೊಸಬ_ಕುಡ್ಲ
ಈ ಟ್ಯೂಬಿನಲ್ಲಿ ತೋಟೆ 15 ಅಲ್ವಾ ಹಿಡಿಯುವುದು?

ನಳಿಗೆನೋಟ
15 ವಿಂಚೆಸ್ಟರ್ 9422ಕ್ಕೆ, ಬ್ರೌನಿಂಗ್ ಬಿಎಲ್-22ಕ್ಕೂ ಅಷ್ಟೇ. 24 ಇಂಚಿನ 39-ಎಗೆ ಲಾಂಗ್ ರೈಫಲ್ 19, ಲಾಂಗ್ 21, ಶಾರ್ಟ್ 26 (ಮೂರೂ ಬೇರೆ ಬೇರೆ ಉದ್ದದ .22 ತೋಟೆ). ಮೂರನ್ನೂ ಬೆರೆಸಿ ಹಾಕಿದರೂ ಓಡ್ತದೆ. 1891ರ ಮಾರ್ಲಿನ್ ಹೆಸರು ಮಾಡಿದ್ದೇ ಅದಕ್ಕೆ. ಆದರೆ ಶಾರ್ಟ್ ತುಂಬ ಹೊಡೆದ ನಳಿಗೆಯ ಕೋಣೆಯಲ್ಲಿ (ಹೊಡೆಯುವಾಗ ತೋಟೆ ಕೂರುವ ಜಾಗ), ಶಾರ್ಟ್ ತೋಟೆಯ ಬಾಯಿ ನಿಲ್ಲುವಲ್ಲಿ ಒಂದು ಉಂಗುರ ಕಟ್ತದೆ. ಸೀಸ, ಮೇಣ, ಮಸಿ ಎಲ್ಲ ಸೇರಿ ಗಟ್ಟಿ ಆದದ್ದು. ಆಮೇಲೆ ಲಾಂಗ್ ರೈಫಲ್ ಹಾಕಿದರೆ ಪೂರ್ತಿ ಕೂರುವುದಿಲ್ಲ. ತೋಟೆಗೆ ಬಡಿಯುವ ಪಿನ್ನಿನ ಪೆಟ್ಟು ಅಂಚನ್ನು ಜಜ್ಜುವ ಬದಲು ತೋಟೆಯನ್ನು ಮುಂದೆ ದೂಡುವುದಕ್ಕೆ ಖರ್ಚಾಗ್ತದೆ. ಹಾರುವುದಿಲ್ಲ.

ತೋಟದಕರೆ
ಓ. ಹಾಗಾದರೆ ಸ್ಪ್ರಿಂಗ್ ಅಲ್ಲವಾ?

ನಳಿಗೆನೋಟ
ಸ್ಪ್ರಿಂಗ್ ಕೊನೆಗೆ. ರಿಮ್‌ಫೈರಿನಲ್ಲಿ ಮದ್ದು ಇರುವುದು ತೋಟೆಯ ತಳದ ಅಂಚಿನ ಮಡಿಕೆಯೊಳಗೆ. ಪಿನ್ನು ಅಂಚನ್ನು ನಳಿಗೆಯ ಹಿಂಬದಿಗೆ ಒತ್ತಿ ಜಜ್ಜಿದರೆ ಮಾತ್ರ ಹತ್ತುತ್ತದೆ. ಆದ್ದರಿಂದ ಈ ಕ್ರಮದಲ್ಲಿ ಹೋಗಿ.

ಮೊದಲು ಕೋಣೆಯ ಉಂಗುರ. ಕಂಚಿನ ಬ್ರಶ್‌ಗೆ ದ್ರಾವಕ ಹಾಕಿ ಹಿಂದಿನಿಂದ ಕೋಣೆಗೆ ಇಟ್ಟು ಕೈಯಲ್ಲಿ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಆಮೇಲೆ ಕೋಣೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನೊಳಗೆ ಪಿನ್ನು ಓಡುವ ಜಾಗ. ಅಲ್ಲಿ ಹಳೆ ಎಣ್ಣೆ ಜಿಗುಟಾಗಿ ಗಟ್ಟಿಯಾಗಿದ್ದರೆ ಪೆಟ್ಟಿನ ಅರ್ಧ ಬಲ ಅಲ್ಲೇ ಹೋಗ್ತದೆ, ತೆಂಗಿನೆಣ್ಣೆ ಹಾಕಿದ ಕೋವಿಗಳ ಖಾಯಂ ರೋಗ ಇದು. ಬೋಲ್ಟ್ ತೊಳೆದು ಒಣಗಿಸಿ, ಒಳಗೆ ಒಂದು ಹನಿಗಿಂತ ಜಾಸ್ತಿ ಎಣ್ಣೆ ಬೇಡ. ಮೂರನೆಯದು ನಳಿಗೆಯ ಹಿಂಬದಿ ಅಂಚು. ಟಾರ್ಚ್ ಹಿಡಿದು ಪಿನ್ನು ಬಡಿಯುವ ಜಾಗ ನೋಡಿ. ಖಾಲಿ ಕೋವಿಯ ಟ್ರಿಗರ್ ಎಳೆದು ಎಳೆದು ಅಲ್ಲಿ ಉಗುರಿನಾಕಾರದ ತಗ್ಗು ಬಿದ್ದಿದ್ದರೆ, ಲೋಹ ಕೋಣೆಯೊಳಗೆ ಉಬ್ಬಿರ್ತದೆ. ತೋಟೆ ಹೊಕ್ಕುವುದು ಬಿಗಿ, ಖಾಲಿ ಕೇಸು ಹೊರಬರುವುದೂ ಬಿಗಿ. ಅದನ್ನು ಮನೆಯಲ್ಲಿ ಅರದಿಂದ ತಿಕ್ಕಬೇಡಿ. ಲೈಸೆನ್ಸಿರುವ ರಿಪೇರಿಯವರಲ್ಲಿ ಅಳತೆಯ ಸಲಕರಣೆಯಿಂದ ಲೋಹವನ್ನು ಹಿಂದಕ್ಕೆ ಒತ್ತಿಸಬೇಕು, ಕೊರೆಯಬಾರದು.

ಇಷ್ಟೂ ಸರಿ ಇದ್ದು ತೋಟೆಯನ್ನೂ ಬದಲಿಸಿ ನೋಡಿದ ಮೇಲೆ ಸ್ಪ್ರಿಂಗಿನ ಸುದ್ದಿ.

ಕಲ್ಲುಕೋರೆ
ಹಾರದ ತೋಟೆಯನ್ನು ತಕ್ಷಣ ಲಿವರ್ ಎಳೆದು ತೆಗೆಯುವವರು ಇದ್ದಾರೆ. ನಳಿಗೆ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ. ಮತ್ತೆ ಸದ್ದು ಸಣ್ಣ ಬಂದು ಹೊಡೆತ ಪೊಳ್ಳು ಅನ್ನಿಸಿದರೆ ಮುಂದಿನದ್ದು ಹಾಕಲೇಬೇಡಿ, ಗುಂಡು ನಳಿಗೆಯೊಳಗೆ ಇರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆಯಲ್ಲಿ ಉಬ್ಬು ಬಂದು ಕೋವಿ ಕತೆ ಮುಗೀತು.

ಬೆಡಿಭಟ್ರು
ಟ್ಯೂಬಿನ ಕೋವಿಯ ದೊಡ್ಡ ಅಪಾಯ ಅದಲ್ಲ, "ಖಾಲಿ ಉಂಟು" ಅನ್ನುವ ಮಾತು. ಒಳಕೊಳವೆ ತೆಗೆದು ಬಗ್ಗಿಸಿ ತೋಟೆ ಸುರಿದ ಮೇಲೂ ಒಂದು ತೋಟೆ ಮೇಲೆತ್ತುವ ಕ್ಯಾರಿಯರಿನಲ್ಲಿ ಕೂತಿರ್ತದೆ. ಕಿಲುಬು ಇದ್ದರೆ ಟ್ಯೂಬಿನಲ್ಲೇ ಒಂದು ಅಂಟಿಕೊಂಡಿರ್ತದೆ. ಲಿವರ್ ಪೂರ್ತಿ ಐದಾರು ಸಲ ಆಡಿಸಿ, ಆಮೇಲೆ ಕೋಣೆಗೆ ಕಿರುಬೆರಳ ತುದಿ ತಾಗಿಸಿ ನೋಡಬೇಕು. ಕಣ್ಣು ಸಾಲದು.

ಮೂಡುಬದಿ_ಮರ
ಮರದ ಬಗ್ಗೆ ಯಾರೂ ಮಾತಾಡಿಲ್ಲ. 39-ಎ ಸ್ಟಾಕ್ ಅಮೆರಿಕದ ವಾಲ್‌ನಟ್. ಲಿವರ್ ಕೋವಿಯಲ್ಲಿ ಮರ ಎರಡು ತುಂಡು, ಹಿಂದಿನ ತುಂಡನ್ನು ರಿಸೀವರಿಗೆ ಹಿಡಿದಿರುವುದು ಒಂದು ಟ್ಯಾಂಗ್ ಸ್ಕ್ರೂ (ರಿಸೀವರಿನ ಹಿಂದೆ ಚಾಚಿದ ಪಟ್ಟಿಯ ತಿರುಪು). ಅದು ಸಡಿಲಾದ ಕೋವಿಯಲ್ಲಿ ಹೊಡೆಯುತ್ತ ಹೋದರೆ ಕುತ್ತಿಗೆಯಲ್ಲಿ ಬಿರುಕು ಬರ್ತದೆ. ಇನ್ನೊಂದು ಕಾರಣ ಎಣ್ಣೆ. ಕಪಾಟಿನಲ್ಲಿ ನಳಿಗೆ ಮೇಲೆ ಮಾಡಿ ನಿಲ್ಲಿಸಿದರೆ ಹಾಕಿದ ಎಣ್ಣೆಯೆಲ್ಲ ಇಳಿದು ಮರದ ಕತ್ತರಿಸಿದ ತುದಿಗೆ ಸೇರ್ತದೆ. ವರ್ಷಗಳು ಕಳೆದಾಗ ಆ ಜಾಗ ಕಪ್ಪಾಗಿ ಉಗುರಿಗೆ ಮೆತ್ತಗೆ ತಾಗ್ತದೆ. ಎಣ್ಣೆ ಹಾಕಿದ ಮೇಲೆ ಒಂದೆರಡು ದಿನ ನಳಿಗೆ ಕೆಳಗೆ ಮಾಡಿ, ತುದಿಗೆ ಬಟ್ಟೆ ಇಟ್ಟು ನಿಲ್ಲಿಸಿ.

ಮರಕ್ಕೆ ಅಗಸೆ ಎಣ್ಣೆ, ಬಾಯ್ಲ್ಡ್ ಅಂತ ಸಿಗ್ತದಲ್ಲ ಅದು. ನಾಲ್ಕೈದು ಹನಿ, ಅಂಗೈ ಬಿಸಿಯಾಗುವಷ್ಟು ಉಜ್ಜಿ, ಹೆಚ್ಚಾದದ್ದನ್ನು ಒರೆಸಿ. ಮಳೆ ಹಿಡಿದ ಮೇಲೆ ಹಚ್ಚಬೇಡಿ, ಒಣಗದೆ ಅಂಟು ಉಳೀತದೆ. ಏಪ್ರಿಲ್‌ನಲ್ಲೇ ಮುಗಿಸಿ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದೂ ಬೇಡ, ತಾನಾಗಿ ಬಿಸಿಯಾಗಿ ಬೆಂಕಿ ಹಿಡೀತದೆ. ಬಿಡಿಸಿ ಹೊರಗೆ ಒಣಹಾಕಿ.

ಅಡಿಕೆಹಾಳೆ
ಗೇರೆಣ್ಣೆ? ದೋಣಿಗೆ ಹಚ್ಚುವುದು, ಗೆದ್ದಲೂ ಬರುವುದಿಲ್ಲ.

ಮೂಡುಬದಿ_ಮರ
ದೋಣಿಯನ್ನು ಕೆನ್ನೆಗೆ ಒತ್ತಿ ಹಿಡಿಯುವುದಿಲ್ಲವಲ್ಲ! ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಟ್ಟು ಬೊಕ್ಕೆ ಎಬ್ಬಿಸ್ತದೆ. ವಾಲ್‌ನಟ್ಟಿನ ನಾರೂ ಕಾಣದ ಹಾಗೆ ಕಪ್ಪು.

ಬೆಡಿಭಟ್ರು
ಅಡಿಕೆಹಾಳೆಯವರ ಮುಂದಿನ ಸಲಹೆ ಪುನರ್ಪುಳಿ ಸಿಪ್ಪೆ ಇರಬಹುದು.

ಅಡಿಕೆಹಾಳೆ
ಕೇಳಿದ್ದು ಮಾರಾಯ್ರೆ, ಹಚ್ಚಿದ್ದಲ್ಲ 😀 ಒಂದು ಕೇಳ್ತೇನೆ, ಇದು ತೋಟದ ಹಂದಿಗೆ ಆಗ್ತದಾ?

ಕಲ್ಲುಕೋರೆ
ಇಲ್ಲ. ಇದರ ಗುಂಡು 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ ಸೀಸ. ಹಂದಿ ಸಾಯುವುದಿಲ್ಲ, ಗಾಯಗೊಂಡು ತಿರುಗಿ ಬರ್ತದೆ. ಅನುಮತಿ ಇಲ್ಲದೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಬೇರೆ. ಸಣ್ಣ ಗುಂಡು ಅಂತ ತೋಟದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದೂ ಬೇಡ. .22 ಗುಂಡು ಒಂದೂವರೆ ಕಿಲೋಮೀಟರ್ ಹೋಗ್ತದೆ, ನಮ್ಮಲ್ಲಿ ಮನೆಗಳು ಊರಾಗಿ ಒಂದೆಡೆ ಇಲ್ಲ, ತೋಟ ತೋಟಕ್ಕೊಂದು ಉಂಟು. ಮುರಕಲ್ಲಿಗೆ ತಾಗಿದ್ದು ಯಾವ ಕಡೆ ಹಾರ್ತದೆ ಹೇಳ್ಲಿಕ್ಕಾಗದು. ರೇಂಜಿನಲ್ಲಿ ಮಾತ್ರ.

ಹೊಸಬ_ಕುಡ್ಲ
ಬಿಎಸ್‌ಎ ಮಾರ್ಟಿನಿ .22 ಕೂಡ ಲಿವರ್ ಆಕ್ಷನ್ ಅಲ್ವಾ? ನಮ್ಮ ಕಡೆ ಅದೇ ಜಾಸ್ತಿ ಕಾಣುವುದು.

ಪಡುಗಾಳಿ
ಅಲ್ಲ. ಅದು ಒಂಟಿ ತೋಟೆಯದ್ದು. ಲಿವರ್ ಆಕ್ಷನ್ ಅಂದರೆ ರಿಪೀಟರ್ (ಹಲವು ತೋಟೆ ತುಂಬಿ ಒಂದರ ಹಿಂದೆ ಒಂದು ಹೊಡೆಯುವುದು), 1860ರ ಹೆನ್ರಿ, 1866ರ ವಿಂಚೆಸ್ಟರ್, ಆ ವಂಶ.

ನಳಿಗೆನೋಟ
ಲಿವರಿನಿಂದ ಆಕ್ಷನ್ ತೆರೆದರೆ ಅದು ಲಿವರ್ ಆಕ್ಷನ್ನೇ. ರಿಪೀಟರ್ ಹೌದಾ ಅನ್ನುವುದು ಬೇರೆ ಪ್ರಶ್ನೆ. ಸ್ಟೀವನ್ಸ್ ಫೇವರಿಟ್ ಕೂಡ ಒಂಟಿ ತೋಟೆ, ಅದನ್ನು ಲಿವರ್ ಅಲ್ಲ ಅಂತೀರಾ? ಆದರೆ ಪಡುಗಾಳಿ ಹೇಳಿದ ವಂಶದ ಮಾತು ಸರಿ. ಹೆನ್ರಿ ಮತ್ತು 1866ರದ್ದು ಎರಡೂ .44 ರಿಮ್‌ಫೈರ್. ಅಂದರೆ ಗೆದ್ದ ಮೊದಲ ಲಿವರ್ ರಿಪೀಟರುಗಳು ರಿಮ್‌ಫೈರೇ ಆಗಿದ್ದವು, ತೋಟೆಯ ತಳದ ನಡುವಿಗೆ ಪಿನ್ನು ಬಡಿಯುವ ಸೆಂಟರ್‌ಫೈರ್ 1873ರಲ್ಲಿ ಬಂತು. .22ನ್ನು ಮಕ್ಕಳ ಕೋವಿ ಅನ್ನುವವರಿಗೆ ಇದು ಗೊತ್ತಿರ್ಲಿ.

ಮಾರ್ಟಿನಿಯ ಒಂದು ತಲೆನೋವು: ರಿಸೀವರಿನ ಹಿಂಬದಿ ಮುಚ್ಚಿರುವುದರಿಂದ ಕೋಣೆ ಮುಚ್ಚುವ ಬ್ಲಾಕ್ ಬಿಚ್ಚದೆ ಹಿಂದಿನಿಂದ ನಳಿಗೆ ಒರೆಸುವ ನೇರ ರಾಡ್ ಹಾಕ್ಲಿಕ್ಕೆ ಆಗುವುದಿಲ್ಲ. ಎಲ್ಲರೂ ನಳಿಗೆಯ ಬಾಯಿಯಿಂದ ರಾಡ್ ತೂರಿಸ್ತಾರೆ, ಬಾಯಿಯ ಅಂಚು ಒಂದು ಬದಿ ಸವೆದು ಗುರಿ ಚದುರ್ತದೆ. ಅದಕ್ಕೆ ಪುಲ್-ಥ್ರೂ ಹಗ್ಗವೇ ಸರಿ, ಹಿಂದಿನಿಂದ ಇಳಿಸಿ ಮುಂದಕ್ಕೆ ನೇರ ಎಳೆಯುವುದು. 39-ಎಯ ಚಂದ ಇರುವುದೇ ಇಲ್ಲಿ. ಬಲಬದಿಯ ದೊಡ್ಡ ಸ್ಕ್ರೂ ನಾಣ್ಯದಲ್ಲಿ ಸಡಿಲಿಸಿದರೆ ಕೋವಿ ಎರಡು ತುಂಡು, ಬೋಲ್ಟ್ ಜಾರಿ ಕೈಗೆ ಬರ್ತದೆ, ನಳಿಗೆ ಹಿಂದಿನಿಂದ ಕಾಣ್ತದೆ. ರಾಡ್ ಹಾಕುವಾಗ ಎಡಗೋಡೆಯ ಎಜೆಕ್ಟರಿಗೆ (ಖಾಲಿ ಕೇಸು ಹೊರಗೆಸೆಯುವ ಪಟ್ಟಿ) ತಾಗಿಸಬೇಡಿ, ಅಷ್ಟೇ. ತುಂಡು ಜೋಡಿಸುವಾಗ ಬಲ ಬೇಕಾಯಿತು ಅಂದರೆ ಏನೋ ತಪ್ಪಿದೆ, ಸುತ್ತಿಗೆ ಹುಡುಕಬೇಡಿ.

ಹೊಸಬ_ಕುಡ್ಲ
ಹೈ ವೆಲಾಸಿಟಿ ತೋಟೆ ಹಾಕಬಹುದಾ ಇದಕ್ಕೆ?

ಪಡುಗಾಳಿ
39ಕ್ಕೆ ಬೇಡ, ಬೋಲ್ಟ್ ಒಡೀತದೆ.

ನಳಿಗೆನೋಟ
ಅರ್ಧ ಸರಿ. ಒಡೆಯುವ ಭಯ ಇರುವುದು ಎ ಇಲ್ಲದ ಹಳೆ ಮಾಡೆಲ್ 39ರಲ್ಲಿ. 1930ರ ಸುಮಾರಿಗೆ ವೇಗದ ತೋಟೆ ಬಂದ ಮೇಲೆ ಬೋಲ್ಟ್ ಗಟ್ಟಿ ಮಾಡಿ, ನಂಬರಿನ ಜೊತೆ ಎಚ್‌ಎಸ್ ಅಂತ ಹಾಕಿದ್ದಾರೆ. ಎಚ್‌ಎಸ್ ಇಲ್ಲದ 39ಕ್ಕೆ ಸ್ಟ್ಯಾಂಡರ್ಡ್ ವೆಲಾಸಿಟಿ ಮಾತ್ರ. 1950ರ 39-ಎ ತಡಕೊಳ್ತದೆ. ಆದರೂ ಸೆಕೆಂಡಿಗೆ 1,050ರಿಂದ 1,080 ಅಡಿ ಹೋಗುವ ಸ್ಟ್ಯಾಂಡರ್ಡ್ ತೋಟೆ ಸದ್ದಿನ ವೇಗ ದಾಟುವುದಿಲ್ಲ, ಕಾಗದದ ಗುರಿಗೆ ಅದೇ ಒಳ್ಳೆಯದು. ಕೋಣೆಯಿಂದ ಖಾಲಿ ಕೇಸು ಎಳೆಯುವ ಎಕ್ಸ್‌ಟ್ರಾಕ್ಟರಿಗೂ ಸುಖ. ಅದು ಮುರಿದರೆ ಇಲ್ಲಿ ಸಿಗುವುದಿಲ್ಲ ನೋಡಿ. ಎಂಬತ್ತರ ದಶಕದ ನಂತರ ಸಾಮಾನ್ಯರಿಗೆ ಕೋವಿ ಆಮದು ಇಲ್ಲ, ಬಿಡಿಭಾಗ ತರಿಸುವುದೂ ಆಮದೇ.

ಕಚೇರಿಗುಮಾಸ್ತ
"ಆ್ಯಂಟಿಕ್, ಲೈಸೆನ್ಸ್ ಬೇಡ" ಅಂತ ಹೇಳಿ ಮಾರುವವರನ್ನು ನಂಬಬೇಡಿ ಅಂತ ಇಲ್ಲೇ ಸೇರಿಸ್ತೇನೆ. 45ನೇ ಸೆಕ್ಷನ್ ಬಿಡುವುದು ರಿಪೇರಿ ಮಾಡಿದರೂ ಕೋವಿಯಾಗಿ ಬಳಸ್ಲಿಕ್ಕೆ ಆಗದ್ದನ್ನು ಮಾತ್ರ. ಹಾರುವ ಕೋವಿ ನೂರು ವರ್ಷದ್ದಾದರೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ, ಮೊದಲು ಮೂರು ಇತ್ತು. ಮನೆಯಲ್ಲಿ ಹಿರಿಯರಿಗೆ 70 ದಾಟಿದ್ದರೆ, ಅಥವಾ ಅವರು ಕೋವಿ ಇಟ್ಟು 25 ವರ್ಷ ಆಗಿದ್ದರೆ, ಅವರಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು, 2016ರ ನಿಯಮದಲ್ಲಿ ಅವಕಾಶ ಉಂಟು. ಮಂಗಳೂರು ನಗರ ವ್ಯಾಪ್ತಿಯಾದರೆ ಪೊಲೀಸ್ ಆಯುಕ್ತರ ಕಚೇರಿ, ಹೊರಗಾದರೆ ಜಿಲ್ಲಾಧಿಕಾರಿ.

ಮೂಡುಬದಿ_ಮರ
ಚುನಾವಣೆಗೆ ಠಾಣೆಯಲ್ಲಿ ಇಡುವಾಗ ಎಂತ ಮಾಡ್ತೀರಿ ಎಲ್ಲರೂ? ಅಲ್ಲಿ ಎರಡು ತಿಂಗಳು ಯಾರೂ ಒರೆಸುವುದಿಲ್ಲ.

ಕಚೇರಿಗುಮಾಸ್ತ
ಕೊಡುವ ಹಿಂದಿನ ದಿನ ನಾಲ್ಕೂ ಬದಿಯ ಫೋಟೋ. ನಳಿಗೆಯೊಳಗೆ ದಪ್ಪ ಎಣ್ಣೆ, ಹೊರಗೆ ಮೇಣ, ಮೇಲೆ ತುಕ್ಕು ತಡೆಯುವ ವಿಸಿಐ ಕಾಗದ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆವರ್ತದೆ. ಒಳಕೊಳವೆ ಕಳಚಿ ಬೀಳದ ಹಾಗೆ ದಾರ ಕಟ್ಟಿ, "ಒಳಕೊಳವೆ ಸಹಿತ" ಅಂತ ರಸೀದಿಯಲ್ಲಿ ಬರೆಸಿ. ತಂದ ದಿನವೇ ನಳಿಗೆ ಒರೆಸಿ ನೋಡಿ.

ಪಡುಗಾಳಿ
ಕಪಾಟಿನೊಳಗೆ ಝೀರೋ ಬಲ್ಬು ಉರಿಸಿದರೆ ಸಾಕಲ್ಲ? ರೇಷ್ಮೆ ಸೀರೆಗೆ ಎಲ್ಲರೂ ಮಾಡುವುದು ಅದೇ.

ಕಲ್ಲುಕೋರೆ
ಹಳೆ ತಂತಿಯ ಝೀರೋ ಬಲ್ಬು 15 ವ್ಯಾಟ್ ಇತ್ತು, ಬಿಸಿ ಆಗ್ತಿತ್ತು. ಈಗ ಅಂಗಡಿಯಲ್ಲಿ ಝೀರೋ ಅಂತ ಕೊಡುವುದು ಎಲ್‌ಇಡಿ, ಅರ್ಧ ವ್ಯಾಟ್. ಬೆಳಕು ಮಾತ್ರ, ಶಾಖ ಇಲ್ಲ. ಕೋವಿ ಬೆಳಕಿನಲ್ಲಿ ತುಕ್ಕು ಹಿಡೀತದೆ.

ಬೆಡಿಭಟ್ರು
😂 ಇದನ್ನು ಬರೆದು ಗೋಡೆಗೆ ಅಂಟಿಸಬೇಕು.

ಕಲ್ಲುಕೋರೆ
ಬಿಗಿ ಬಾಗಿಲಿನ ಕಬ್ಬಿಣದ ಕಪಾಟು, ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್. ತೇವ 45ರಿಂದ 55 ಶೇಕಡಾ ಇರಲಿ. ಅದಕ್ಕಿಂತ ಕೆಳಗೆ ಹೋದರೆ ಮರ ಬಿರಿಯುತ್ತದೆ. ನೀಲಿ ಕಾಳು ಗುಲಾಬಿ ಆದಾಗ ಬಿಸಿ ಮಾಡಿ ಒಣಗಿಸಬೇಕು, ಆಟಿ ತಿಂಗಳಲ್ಲಿ ಹತ್ತು ದಿನಕ್ಕೊಮ್ಮೆ. ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್, ಅಡುಗೆಯ ಕಾವಲಿಯಲ್ಲಿ ಹುರಿಯಬೇಡಿ, ಅದಕ್ಕೆಂದೇ ಬೇರೆ ಹಳೆ ಬಾಣಲೆ ಇರಲಿ. ರೆಕ್ಸಿನ್ ಚೀಲ, ವೆಲ್ವೆಟ್ ಹಾಸಿದ ಪೆಟ್ಟಿಗೆ ಎರಡೂ ಸಾಗಾಟಕ್ಕೆ ಮಾತ್ರ. ಮಳೆಗಾಲ ಅದರೊಳಗೆ ಇಟ್ಟರೆ ಒದ್ದೆ ಟವೆಲಿನಲ್ಲಿ ಸುತ್ತಿಟ್ಟ ಹಾಗೆ.

ನಳಿಗೆನೋಟ
ಎಣ್ಣೆಯ ಪ್ರಶ್ನೆ ಬಾಕಿ ಉಂಟು. ತೆಂಗಿನೆಣ್ಣೆ ಕಮಟಿ ಅಂಟಾಗ್ತದೆ. ಹೊಲಿಗೆ ಮೆಷಿನ್ ಎಣ್ಣೆ ಕೀಲುಗಳಿಗೆ ಒಳ್ಳೆಯದು, ಹೊರಮೈಗೆ ತೆಳು, ಬೇಗ ಹರಿದುಹೋಗ್ತದೆ. ಡಬ್ಲ್ಯುಡಿ-40 ನೀರು ಓಡಿಸ್ಲಿಕ್ಕೆ ಮಾತ್ರ, ಅದನ್ನು ಒರೆಸಿ ಮೇಲೆ ಬೇರೆ ಎಣ್ಣೆ ಹಾಕಬೇಕು. ಹೊರಗಿನ ಉಕ್ಕಿಗೆ ಗನ್ ಆಯಿಲ್, ಅದನ್ನು ಒರೆಸಿದ ಮೇಲೆ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ. ಮೇಣ ಹಾಕಿದ ಕೋವಿ ಮುಟ್ಟಿದರೂ ಬೆವರು ಉಕ್ಕಿಗೆ ತಾಗುವುದಿಲ್ಲ. ನಳಿಗೆಯೊಳಗೆ ಹಾಕಿದ ಎಣ್ಣೆಯನ್ನು ಹೊಡೆಯುವ ಮುಂಚೆ ಹಳೆ ಪಂಚೆಯ ಒಣ ತುಂಡಿನಲ್ಲಿ ತೆಗೆಯಿರಿ, ಒಂದಿಂಚು ಚೌಕ ಸಾಕು. ಪ್ರತಿ ಸಲ ಹೊಡೆದ ಮೇಲೆ ಬ್ರಶ್ ಹಾಕಿ ತಿಕ್ಕುವ ಅಗತ್ಯ ಇಲ್ಲ. .22 ಗುಂಡಿನ ಮೇಣವೇ ನಳಿಗೆಗೆ ಒಂದು ಪದರ ಹಾಕ್ತದೆ. ಸವೆದ ಹಳೆ .22 ನಳಿಗೆಗಳಲ್ಲಿ ಹೆಚ್ಚಿನವು ರಾಡಿನಿಂದ ಸವೆದವು, ಗುಂಡಿನಿಂದ ಅಲ್ಲ.

ತೋಟದಕರೆ
ಕೋಣೆ ಬ್ರಶ್ ಹಾಕಿ ನೋಡಿ ಆಯಿತು. ಕಪ್ಪು ಉಂಗುರ ಇತ್ತು, ಮೂರು ಬಟ್ಟೆ ಪೂರ್ತಿ ಮಸಿ. ಬೋಲ್ಟಿನೊಳಗೆ ಹಳದಿ ಜಿಗುಟು. ಫಾಲೋವರ್ ಅರ್ಧದಲ್ಲಿ ನಿಲ್ಲುವುದೂ ಹೌದು. ಹಿಂಬದಿ ಅಂಚಿನಲ್ಲಿ ತಗ್ಗು ಕಾಣುವುದಿಲ್ಲ. ಒಂದು ಅರ್ಥ ಆಗಲಿಲ್ಲ: ತುಕ್ಕು ಉಜ್ಜಿದ ಮೇಲೆ ರಿಸೀವರಿನ ಮೇಲ್ಗಡೆ ಮೂರು ಅಡ್ಡ ಗೆರೆ ಹಾಗೇ ಉಳಿದಿದೆ, ಬೆರಳಷ್ಟು ಅಗಲ, ಒಂದೇ ಅಂತರ. ಗೀರು ಅಲ್ಲ.

ಮೂಡುಬದಿ_ಮರ
ಆಯುಧ ಪೂಜೆಯ ಗಂಧ! ನೀರಲ್ಲಿ ತೇದ ಗಂಧ ಮೂರು ಬೆರಳಲ್ಲಿ ಎಳೆದು ಮರುದಿನದವರೆಗೆ ಬಿಟ್ಟದ್ದು.

ಬೆಡಿಭಟ್ರು
ಪೂಜೆ ಬಿಡಬೇಡಿ, ಗಂಧ ಮರಕ್ಕೆ ಹಚ್ಚಿ. ಹೂವೂ ಅಲ್ಲೇ ಇಡಿ, ಸೇವಂತಿಗೆಯಲ್ಲಿ ನೀರು ಚಿಮುಕಿಸಿರ್ತಾರೆ.

ನಳಿಗೆನೋಟ
ಆ ಮೂರು ಗೆರೆ ತೆಗೀಲಿಕ್ಕೆ ಹೋಗಬೇಡಿ. ಮೇಲೆ ಮೇಣ ಹಾಕಿ ಬಿಡಿ.